ಮರುಭೂಮಿಯ ಗುಲಾಬಿ: ಎರೆನಾಡಿನಲ್ಲಿ ಅಡೇನಿಯಂ ಬೆಳೆಸುವ ಕ್ರಮ

(ಐನಾಪುರದಲ್ಲಿ ಸೇರಿದ್ದ ರೈತರ ಹಾಗೂ ರೈತ ಮಹಿಳೆಯರ ಸಭೆಯಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರೊಬ್ಬರು ಮಾಡಿದ ಭಾಷಣ)



ಕಬ್ಬು, ಗೋವಿನಜೋಳ, ಸೋಯಾ ಅವರೆ, ಹಿಂಗಾರಿ ಜೋಳ ಇವುಗಳ ಬಗ್ಗೆ ಮಾತನಾಡುವುದು ನನ್ನ ನಿತ್ಯದ ಕೆಲಸ. ಇಂದು ಒಂದು ಅಲಂಕಾರದ ಗಿಡದ ಬಗ್ಗೆ ಹೇಳಬೇಕೆಂದು ನೀವೇ ಕೇಳಿದ್ದೀರಿ. ಆ ಗಿಡ ಅಡೇನಿಯಂ. ಕೆಲವರು ಇದನ್ನು ಮರುಭೂಮಿಯ ಗುಲಾಬಿ ಎನ್ನುತ್ತಾರೆ. ಬುಡ ದಪ್ಪ, ಎಲೆ ಕಡಿಮೆ, ಹೂವು ಮಾತ್ರ ಕಣ್ಣು ಸೆಳೆಯುವಂಥದ್ದು. ಮನೆಯ ಮುಂದೆ ಒಂದೆರಡು ಕುಂಡ ಇಟ್ಟುಕೊಂಡವರೂ ಇದ್ದಾರೆ, ಸ್ವಸಹಾಯ ಸಂಘದಿಂದ ಸಾಲ ಪಡೆದು ಸಸಿ ಬೆಳೆಸಿ ಮಾರಬೇಕೆನ್ನುವವರೂ ಇದ್ದಾರೆ.

ಈ ಗಿಡದ ಬಗ್ಗೆ ಕೃಷ್ಣಾ ದಂಡೆಯ ಊರುಗಳಲ್ಲಿ ಕೇಳಿಬರುವ ದೂರು ಒಂದೇ ಬಗೆಯದು. "ಮರುಭೂಮಿ ಗಿಡ ಅಂದ್ರು, ಗಟ್ಟಿ ಗಿಡ ಅಂದ್ರು. ದಿನಾ ನೀರ ಹಾಕಿ ಮಗೂನ್ಹಂಗ ಜ್ವಾಕಿ ಮಾಡಿದ್ವಿ. ಶ್ರಾವಣ ಮುಗಿಯೂದ್ರಾಗ ಬುಡ ಕೊಳತು ಹೋತು" ಎನ್ನುತ್ತಾರೆ. ಈ ಮಾತಿನಲ್ಲಿ ರೋಗವೂ ಇದೆ, ಅದರ ಕಾರಣವೂ ಇದೆ. ಅಡೇನಿಯಂ ಬಾಯಾರಿ ಸಾಯುವುದು ಅಪರೂಪ, ನೀರು ಹೆಚ್ಚಾಗಿ ಸಾಯುವುದೇ ಹೆಚ್ಚು. ಇಂದಿನ ನನ್ನ ಮಾತಿನ ತಿರುಳು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಗಿಡದ ಮೂಲ ಮತ್ತು ಬಳಗ

ಅಡೇನಿಯಂನ ತವರು ಆಫ್ರಿಕದ ಸಹಾರಾ ಮರುಭೂಮಿಯ ದಕ್ಷಿಣ ಅಂಚು, ಪೂರ್ವ ಆಫ್ರಿಕ ಮತ್ತು ಅರಬಸ್ತಾನದ ಕಲ್ಲುಗುಡ್ಡಗಳು. ಡೆನ್ಮಾರ್ಕಿನ ರಾಜನು 1761ರಲ್ಲಿ ಅರಬಸ್ತಾನಕ್ಕೆ ಕಳಿಸಿದ ಪಂಡಿತರ ತಂಡದಲ್ಲಿ ಫೋರ್ಸ್ಕಾಲ್ ಎಂಬ ಸಸ್ಯಶಾಸ್ತ್ರಜ್ಞ ಇದ್ದ. ಅವನು ಯೆಮೆನ್ ದೇಶದಲ್ಲಿ ಈ ಗಿಡವನ್ನು ಕಂಡು ವರ್ಣಿಸಿದ. 1763ರಲ್ಲಿ ಅಲ್ಲಿಯೇ ಮಲೇರಿಯಾದಿಂದ ತೀರಿಕೊಂಡ. ತಂಡದಲ್ಲಿ ಬದುಕಿ ಹಿಂತಿರುಗಿದ ನೀಬೂರ್ ಎಂಬಾತನು ಫೋರ್ಸ್ಕಾಲನ ಬರಹಗಳನ್ನು 1775ರಲ್ಲಿ ಅಚ್ಚುಹಾಕಿಸಿದ. ಫೋರ್ಸ್ಕಾಲ್ ಇದಕ್ಕೆ ಕೊಟ್ಟಿದ್ದ ಹೆಸರಿನ ಅರ್ಥ "ದಪ್ಪ ಮೈಯ ಕಣಗಿಲೆ" ಎಂದು. ಮುಂದೆ 1819ರಲ್ಲಿ ಇದನ್ನು ಕಣಗಿಲೆಯಿಂದ ಬೇರ್ಪಡಿಸಿ, ಏಡನ್ ಊರಿನ ಹೆಸರಿನ ಮೇಲೆ ಅಡೇನಿಯಂ ಎಂದು ಕರೆದರು. ಇಂದು ಹೆಚ್ಚಾಗಿ ಬೆಳೆಯುವ ಜಾತಿಯ ಶಾಸ್ತ್ರೀಯ ಹೆಸರು ಅಡೇನಿಯಂ ಒಬೆಸಂ.

ಫೋರ್ಸ್ಕಾಲ್ ಹೇಳಿದ ಬಳಗ ಸರಿಯಾದದ್ದೇ. ಇದು ಗುಲಾಬಿಯ ಜಾತಿಯಲ್ಲ, ಕಣಗಿಲೆಯ ಕುಟುಂಬದ್ದು. ಗುಡಿಯ ಮುಂದಿನ ದೇವಕಣಗಿಲೆ, ಬದುವಿನ ಮೇಲಿನ ಎಕ್ಕೆ, ಇವೆಲ್ಲ ಒಂದೇ ಮನೆತನದವು. ಮುರಿದರೆ ಹಾಲು ಬರುವುದನ್ನು ನೀವು ಬಲ್ಲಿರಿ. ಈ ನಂಟನ್ನು ನೆನಪಿನಲ್ಲಿಡಬೇಕು. ಗಿಡದ ಕೀಟಗಳೂ ಗಿಡದ ವಿಷವೂ ಇದೇ ನಂಟಿನಿಂದ ಬಂದವು. ಅವುಗಳ ವಿಷಯ ಮುಂದೆ ಹೇಳುತ್ತೇನೆ.

ನೀರಿನಿಂದ ಏಕೆ ಸಾಯುತ್ತದೆ?

ಮರುಭೂಮಿಯಲ್ಲಿ ಮಳೆ ವರ್ಷಕ್ಕೆ ಕೆಲವೇ ಸಲ ಬರುತ್ತದೆ. ಬಂದ ನೀರನ್ನು ಈ ಗಿಡ ಬುಡದ ಗಡ್ಡೆಯಲ್ಲಿ ತುಂಬಿಕೊಂಡು ತಿಂಗಳುಗಟ್ಟಲೆ ಕಾಲ ಕಳೆಯುತ್ತದೆ. ಬರ ಜೋರಾದರೆ ಎಲೆ ಉದುರಿಸಿ ಖರ್ಚು ಕಡಿಮೆ ಮಾಡುತ್ತದೆ. ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ತುಂಬಿಟ್ಟುಕೊಂಡು ಬರಗಾಲ ದಾಟುತ್ತಿದ್ದಂತೆ ಇದರ ಗಡ್ಡೆಯೂ ಒಂದು ಹಗೇವು. ಹಗೇವಿಗೆ ನೀರು ಹೊಕ್ಕರೆ ಕಾಳು ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ಬೇರಿಗೆ ನೀರು ಬೇಕಾದಂತೆ ಗಾಳಿಯೂ ಬೇಕು. ಅಡೇನಿಯಂನ ತವರಿನ ನೆಲ ಕಲ್ಲು, ಗರಸು, ದಪ್ಪ ಉಸುಕು. ನೀರು ಬಿದ್ದ ಕೂಡಲೇ ಇಳಿದು ಹೋಗುತ್ತದೆ, ಆ ಸಂದುಗಳಲ್ಲಿ ಗಾಳಿ ಆಡುತ್ತದೆ. ನಮ್ಮ ಎರೆಯ ಗುಣ ಇದಕ್ಕೆ ತದ್ವಿರುದ್ಧ. ಅದರ ಕಣ ಅತಿ ಸಣ್ಣದು. ನೀರು ಕುಡಿದು ಉಬ್ಬುತ್ತದೆ, ದಿನಗಟ್ಟಲೆ ಹಿಡಿದಿಡುತ್ತದೆ. ಹಿಂಗಾರಿ ಜೋಳಕ್ಕೆ ಈ ಗುಣವೇ ವರ, ಅಡೇನಿಯಂಗೆ ಇದೇ ಶಾಪ. ನೀರು ತುಂಬಿದ ಎರೆಯಲ್ಲಿ ಬೇರು ಉಸಿರು ಕಟ್ಟಿ ಸಾಯುತ್ತದೆ. ಸತ್ತ ಬೇರಿನ ಮೂಲಕ ಕೊಳೆರೋಗದ ಶಿಲೀಂಧ್ರ ಒಳಹೊಕ್ಕು ಗಡ್ಡೆಗೆ ಏರುತ್ತದೆ. ನೀರು ತುಂಬಿದ ಮೆತ್ತನೆಯ ಗಡ್ಡೆ ಬಹಳ ಬೇಗ ಕೊಳೆಯುತ್ತದೆ. ಎಲೆ ಬಾಡಿದ್ದು ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗೆ ಕೆಲಸ ಮುಗಿದಿರುತ್ತದೆ. ಬಾಡಿದೆಯೆಂದು ಮತ್ತಷ್ಟು ನೀರು ಹಾಕಿದರೆ ಉಳಿದದ್ದೂ ಹೋಯಿತು.

ನಮ್ಮದು ಉತ್ತರ ಒಣ ವಲಯ. ಬಿಸಿಲು ಚೆನ್ನಾಗಿದೆ, ಮಳೆ ಕಡಿಮೆ. ಹವೆ ಈ ಗಿಡಕ್ಕೆ ಒಪ್ಪುವಂಥದ್ದು, ಒಪ್ಪದಿರುವುದು ಮಣ್ಣು ಮತ್ತು ನಮ್ಮ ನೀರು ಹಾಕುವ ರೂಢಿ. ಆದ್ದರಿಂದ ಹವೆಯನ್ನು ಊರಿನಿಂದ ಪಡೆದು, ಮಣ್ಣನ್ನು ಮಾತ್ರ ಕುಂಡದಲ್ಲಿ ನಾವೇ ತಯಾರಿಸಿಕೊಳ್ಳಬೇಕು.

ಕುಂಡದ ಮಣ್ಣು

ಹೊಲದ ಎರೆಯನ್ನು ಕುಂಡಕ್ಕೆ ಹಾಕಲೇಬಾರದು. ಈ ಕೆಳಗಿನ ಮಿಶ್ರಣ ನಮ್ಮ ಕಡೆ ಸುಲಭವಾಗಿ ಸಿಗುವ ವಸ್ತುಗಳಿಂದ ಆಗುತ್ತದೆ.

1. ಜರಡಿ ಹಿಡಿದು ಸಣ್ಣ ಹುಡಿ ತೆಗೆದ ದಪ್ಪ ಉಸುಕು ಅಥವಾ ಗರಸು: 2 ಬುಟ್ಟಿ

2. ಕಡಲೆಕಾಳಿನ ಗಾತ್ರಕ್ಕೆ ಒಡೆದ ಇಟ್ಟಂಗಿ ಚೂರು: 1 ಬುಟ್ಟಿ

3. ಪೂರ್ತಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ: 1 ಬುಟ್ಟಿ

4. ಬೇವಿನ ಹಿಂಡಿ: ಪ್ರತಿ ಕುಂಡಕ್ಕೆ ಒಂದು ಹಿಡಿ

ತಿಪ್ಪೆಗೊಬ್ಬರಕ್ಕೆ ಮೊದಲೇ ಟ್ರೈಕೋಡರ್ಮಾ ಬೆರೆಸಿ, ನೆರಳಿನಲ್ಲಿ ಹಸಿಯಾಗಿ ಎರಡು ವಾರ ಇಟ್ಟು ಬಳಸಿದರೆ ಕೊಳೆರೋಗದ ಭಯ ಕಡಿಮೆ. ಸಕ್ಕರೆ ಕಾರ್ಖಾನೆಯ ಹಸಿ ಮಡ್ಡಿಗೊಬ್ಬರ ಬಳಸಬಾರದು. ಅದು ಕುಂಡದೊಳಗೆ ಕಳಿಯುವಾಗ ಬಿಸಿ ಏರುತ್ತದೆ, ಬೇರು ಸುಡುತ್ತದೆ.

ಮಿಶ್ರಣ ಸರಿಯಾಗಿದೆಯೇ ಎಂದು ನೋಡಲು ಒಂದು ಪರೀಕ್ಷೆ ಮಾಡಿ. ಕುಂಡ ತುಂಬಿ, ಮೇಲೆ ಒಂದು ತಂಬಿಗೆ ನೀರು ಸುರಿಯಿರಿ. ನೀರು ಮೇಲೆ ನಿಲ್ಲದೆ ಇಳಿದು, ಒಂದು ನಿಮಿಷದೊಳಗೆ ಕೆಳಗಿನ ತೂತಿನಿಂದ ಹರಿಯಬೇಕು. ಹರಿಯದಿದ್ದರೆ ಇನ್ನಷ್ಟು ಉಸುಕು, ಇಟ್ಟಂಗಿ ಚೂರು ಸೇರಿಸಿ. ಈ ಪರೀಕ್ಷೆ ಮುಗಿಯುವವರೆಗೆ ಗಿಡ ನೆಡಬಾರದು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ತಿದ್ದಬೇಕಾಗಿದೆ. ಕುಂಡದ ತಳದಲ್ಲಿ ನಾಲ್ಕು ಬೆರಳು ಕಡಿ ಹಾಕಿ ಅದರ ಮೇಲೆ ಮಾಮೂಲು ಮಣ್ಣು ತುಂಬಿದರೆ ನೀರು ಬಸಿದು ಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. ಹಾಗಾಗುವುದಿಲ್ಲ. ಧೋತರ ಒಗೆದು ಹಗ್ಗಕ್ಕೆ ಹಾಕಿದಾಗ ಕೆಳ ಅಂಚು ಕೊನೆಗೆ ಒಣಗುವುದನ್ನು ನೋಡಿದ್ದೀರಿ. ನೀರು ಅಂಚಿನವರೆಗೆ ಇಳಿದು ಅಲ್ಲಿ ಜೋತು ನಿಲ್ಲುತ್ತದೆ. ಕುಂಡದಲ್ಲಿಯೂ ಅಷ್ಟೇ. ಸಣ್ಣ ಕಣದ ಮಣ್ಣು ಎಲ್ಲಿ ಮುಗಿಯುತ್ತದೋ ಅಲ್ಲಿ ನೀರು ಜೋತು ನಿಲ್ಲುತ್ತದೆ. ತಳದಲ್ಲಿ ಕಡಿ ಹಾಕಿದರೆ ಆ ತೇವದ ಪದರು ಕಡಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆಯೇ ಹೊರತು ಹೋಗುವುದಿಲ್ಲ. ಆದ್ದರಿಂದ ಕಡಿ ತಳಕ್ಕೆ ಬೇಡ, ಇಡೀ ಮಿಶ್ರಣವೇ ದಪ್ಪ ಕಣದ್ದಾಗಿರಲಿ. ತೂತಿನ ಮೇಲೆ ಒಂದು ಹಂಚಿನ ಚೂರು ಬೋರಲು ಇಟ್ಟರೆ ಸಾಕು.

ಮಣ್ಣಿನ ಕುಂಡ ಎಲ್ಲಕ್ಕಿಂತ ಒಳ್ಳೆಯದು. ಅದರ ಗೋಡೆಯಿಂದಲೂ ನೀರು ಆರುತ್ತದೆ. ಪ್ಲಾಸ್ಟಿಕ್ ಕುಂಡವಾದರೆ ತಳದಲ್ಲಿ ನಾಲ್ಕೈದು ತೂತು ಇರಬೇಕು. ಕುಂಡ ಗಡ್ಡೆಗಿಂತ ಎರಡು ಮೂರು ಬೆರಳು ಅಗಲವಿದ್ದರೆ ಸಾಕು. ಸಣ್ಣ ಗಿಡಕ್ಕೆ ದೊಡ್ಡ ಕುಂಡ ಕೊಟ್ಟರೆ ಬೇರು ತಲುಪದ ಮಣ್ಣಿನಲ್ಲಿ ನೀರು ನಿಂತುಬಿಡುತ್ತದೆ. ಕುಂಡವನ್ನು ನೆಲದ ಮೇಲೆ ನೇರ ಇಡದೆ ಎರಡು ಇಟ್ಟಂಗಿಗಳ ಮೇಲೆ ಇಡಿ. ಕೆಳಗೆ ನೀರು ಹಿಡಿಯುವ ತಟ್ಟೆ ಇಡಬೇಡಿ.

ನೀರು ಕೊಡುವ ಕ್ರಮ

ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ದಿನದ ಲೆಕ್ಕಕ್ಕಿಂತ ಮಣ್ಣಿನ ಲೆಕ್ಕ ಮುಖ್ಯ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿನಲ್ಲಿ ಇಳಿಸಿ ನೋಡಿ. ಒಣಗಿದ್ದರೆ ನೀರು, ತಂಪಿದ್ದರೆ ಬೇಡ. ಹಾಕುವಾಗ ಗುಟುಕು ಗುಟುಕಾಗಿ ಹಾಕದೆ ತಳದಿಂದ ಹರಿಯುವಷ್ಟು ಹಾಕಿ, ಮತ್ತೆ ಒಣಗುವ ತನಕ ಮುಟ್ಟಬೇಡಿ. ಅಂದಾಜಿಗೆ ಹೇಳುವುದಾದರೆ, ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಥವಾ ಇಲ್ಲವೇ ಇಲ್ಲ, ಚಳಿಗಾಲದಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ಸ್ವಲ್ಪವೇ.

ಮಳೆಗಾಲದಲ್ಲಿ ಕುಂಡಗಳನ್ನು ಸೂರಿನ ಅಂಚಿನಲ್ಲಿ ಇಡಬಾರದು. ಸೂರಿನ ನೀರು ಸುರಿಯುವುದು ಅಲ್ಲಿಯೇ. ಹತ್ತಿಪ್ಪತ್ತು ಕುಂಡಗಳಿದ್ದವರು ಬಿದಿರು ಗಳ ನೆಟ್ಟು ಮೇಲೆ ಪಾರದರ್ಶಕ ಹಾಳೆ ಕಟ್ಟಿ, ನಾಲ್ಕೂ ಕಡೆ ಗಾಳಿಗೆ ತೆರೆದಿಡಿ. ನಮ್ಮಲ್ಲಿ ಭಾದ್ರಪದ, ಆಶ್ವೀಜದ ಮಳೆಯೇ ಜೋರು. ಆಷಾಢ ಕಳೆಯಿತೆಂದು ಮೇಲಿನ ಹಾಳೆ ಬಿಚ್ಚಬೇಡಿ. ಇನ್ನು 2005, 2019 ಮತ್ತು 2021ರಲ್ಲಿ ಕೃಷ್ಣೆ ದಂಡೆ ಮೀರಿ ಬಂದದ್ದು ಎಲ್ಲರಿಗೂ ನೆನಪಿದೆ. ನದಿಯ ಹತ್ತಿರದ ತೋಟದ ಮನೆಯವರು ಸಸಿಗಳನ್ನು ಮಳೆಗಾಲಕ್ಕೆ ಮೊದಲೇ ಎತ್ತರದ ಜಾಗಕ್ಕೆ ಸಾಗಿಸಿಡುವುದು ಉತ್ತಮ.

ಬೋರಿನ ನೀರು ಸವಳಾಗಿದ್ದರೆ ಕುಂಡದ ಅಂಚಿನಲ್ಲಿ ಬಿಳಿ ಹರಳು ಕಟ್ಟುತ್ತದೆ, ಎಲೆಯ ತುದಿ ಸುಡುತ್ತದೆ. ಅಂಥ ಕಡೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಸಿಹಿನೀರನ್ನು ಧಾರಾಳವಾಗಿ ಹರಿಯಬಿಟ್ಟು ಉಪ್ಪು ತೊಳೆಯಬೇಕು. ಮಳೆನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ.

ಗಡ್ಡೆಯನ್ನು ಮುಟ್ಟಿ ನೋಡಿ

ಎಲೆ ನೋಡಿ ಈ ಗಿಡದ ಆರೋಗ್ಯ ಹೇಳಲು ಬರುವುದಿಲ್ಲ. ಎಲೆ ಉದುರುವುದಕ್ಕೆ ಮೂರು ಕಾರಣಗಳಿವೆ. ಮೂರಕ್ಕೂ ಉಪಚಾರ ಬೇರೆ ಬೇರೆ. ಬುಡದ ಗಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಗೊತ್ತಾಗುತ್ತದೆ.

ಗಡ್ಡೆ ಗಟ್ಟಿಯಾಗಿದ್ದು, ಮೈ ತುಂಬಿಕೊಂಡಿದ್ದು, ಎಲೆ ಮಾತ್ರ ಉದುರಿದ್ದರೆ ಗಿಡ ನಿದ್ದೆಯಲ್ಲಿದೆ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಇದು ಸಹಜ. ನೀರು ಕಡಿಮೆ ಮಾಡಿ ಬಿಸಿಲಿನಲ್ಲಿ ಬಿಟ್ಟುಬಿಡಿ. ಚಳಿ ಕಳೆದ ಮೇಲೆ ತಾನೇ ಚಿಗುರುತ್ತದೆ.

ಗಡ್ಡೆ ಸೊರಗಿ, ಚರ್ಮ ಸುಕ್ಕಾಗಿದ್ದು, ಒತ್ತಿದರೆ ತುಸು ಬಗ್ಗಿದರೂ ಎಲ್ಲ ಕಡೆ ಒಂದೇ ಸಮನಾಗಿದ್ದರೆ ಗಿಡ ಬಾಯಾರಿದೆ. ಎರಡು ಸಲ ನೀರು ಕೊಟ್ಟರೆ ಕೆಲವೇ ದಿನಗಳಲ್ಲಿ ಮೈ ತುಂಬಿಕೊಳ್ಳುತ್ತದೆ. ಇದಕ್ಕೆ ಗಾಬರಿಯಾಗಬೇಕಾಗಿಲ್ಲ.

ಗಡ್ಡೆಯ ಒಂದು ಭಾಗ ಮೆತ್ತಗಾಗಿ, ಒತ್ತಿದರೆ ಬೆರಳು ಒಳಗೆ ಹೋಗುವಂತಿದ್ದು, ಕಂದುಬಣ್ಣ ಹಾಗೂ ದುರ್ವಾಸನೆ ಇದ್ದರೆ ಅದು ಕೊಳೆ. ಆಗ ನಾಳೆ ನೋಡೋಣ ಎನ್ನುವಂತಿಲ್ಲ. ಗಿಡವನ್ನು ಕಿತ್ತು, ಬೇರಿನ ಮಣ್ಣು ತೊಳೆದು, ಕೊಳೆತ ಭಾಗವನ್ನು ಹರಿತವಾದ ಚಾಕುವಿನಿಂದ ಬಿಳಿಯ ಆರೋಗ್ಯವಂತ ತಿರುಳು ಕಾಣುವವರೆಗೆ ಕೆತ್ತಿ ತೆಗೆಯಿರಿ. ಒಂದು ಕಂದು ಚುಕ್ಕೆ ಉಳಿದರೂ ಅದು ಮತ್ತೆ ಹಬ್ಬುತ್ತದೆ. ಪ್ರತಿ ಸಲ ಕೆತ್ತಿದ ಮೇಲೆ ಚಾಕುವನ್ನು ಸ್ಪಿರಿಟ್‌ನಿಂದ ಒರೆಸಿ. ಗಾಯಕ್ಕೆ ತಾಮ್ರದ ಆಕ್ಸಿಕ್ಲೋರೈಡ್ ಪುಡಿಯನ್ನು ಸರಿಯಂತೆ ಕಲಸಿ ಹಚ್ಚಿ, ಗಾಳಿಯಾಡುವ ನೆರಳಿನಲ್ಲಿ ಏಳರಿಂದ ಹತ್ತು ದಿನ ಮಣ್ಣಿಲ್ಲದೆ ಹಾಗೆಯೇ ಇಡಿ. ಗಾಯ ಒಣಗಿ ಗಟ್ಟಿಯಾದ ಮೇಲೆ ಹೊಸ ಮಿಶ್ರಣದಲ್ಲಿ ನೆಟ್ಟು, ಮತ್ತೆ ಒಂದು ವಾರ ನೀರು ಕೊಡದಿರಿ. ಬೇರೆ ಗಿಡವಾದರೆ ಹೀಗೆ ಇಟ್ಟರೆ ಸತ್ತೇಹೋಗುತ್ತಿತ್ತು. ಇದಕ್ಕೆ ಗಡ್ಡೆಯ ನೀರು ಇದೆ, ತಡೆದುಕೊಳ್ಳುತ್ತದೆ.

ಬಿಸಿಲು, ಗೊಬ್ಬರ, ಚಾಟನಿ

ದಿನಕ್ಕೆ ಕನಿಷ್ಠ ಐದಾರು ತಾಸು ನೇರ ಬಿಸಿಲು ಬೇಕು. ನೆರಳಿನಲ್ಲಿಟ್ಟ ಗಿಡ ಉದ್ದಕ್ಕೆ ಜೋಲುತ್ತದೆ, ಹೂ ಬಿಡುವುದಿಲ್ಲ. ಆದರೆ ನೆರಳಿನಲ್ಲಿ ಬೆಳೆದ ಸಸಿಯನ್ನು ಒಮ್ಮೆಲೇ ಚೈತ್ರದ ಬಿಸಿಲಿಗೆ ಇಟ್ಟರೆ ಗಡ್ಡೆಯ ಸಿಪ್ಪೆ ಸುಡುತ್ತದೆ. ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ.

ಕಬ್ಬಿಗೆ ಯೂರಿಯಾ ಹಾಕುವ ಕೈ ಇಲ್ಲಿ ಹಿಡಿತದಲ್ಲಿರಬೇಕು. ಸಾರಜನಕ ಹೆಚ್ಚಾದರೆ ಎಲೆ ಹೆಚ್ಚು, ಹೂ ಕಡಿಮೆ, ಮೈ ಮೆದುವಾಗಿ ಕೊಳೆಗೆ ದಾರಿ. ಬೆಳೆಯುವ ಕಾಲದಲ್ಲಿ 19:19:19 ಗೊಬ್ಬರವನ್ನು ಒಂದು ಲೀಟರ್ ನೀರಿಗೆ 1 ಗ್ರಾಂನಂತೆ ಕರಗಿಸಿ ಹದಿನೈದು ದಿನಕ್ಕೊಮ್ಮೆ, ಒಣ ಮಣ್ಣಿಗೆ ಹಾಕದೆ ತೇವವಿದ್ದಾಗ ಹಾಕಿ. ಎಲೆ ಉದುರಿದ ಚಳಿಗಾಲದಲ್ಲಿ ಯಾವ ಗೊಬ್ಬರವೂ ಬೇಡ.

ಚಳಿ ಕಳೆದು ಚಿಗುರೊಡೆಯುವ ಮೊದಲು, ಅಂದರೆ ಫೆಬ್ರುವರಿಯಲ್ಲಿ, ಉದ್ದ ಬೆಳೆದ ಟೊಂಗೆಗಳನ್ನು ಗಡ್ಡೆಯಿಂದ 10ರಿಂದ 15 ಸೆಂ.ಮೀ. ಬಿಟ್ಟು ಕತ್ತರಿಸಬೇಕು. ಒಂದು ಟೊಂಗೆ ಕತ್ತರಿಸಿದಲ್ಲಿ ಎರಡು ಮೂರು ಚಿಗುರು ಬರುತ್ತವೆ. ಹೂ ಬರುವುದು ಚಿಗುರಿನ ತುದಿಯಲ್ಲಿ. ಚಿಗುರು ಹೆಚ್ಚಿದಷ್ಟೂ ಹೂ ಹೆಚ್ಚು. ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ಕುಂಡ ಬದಲಿಸುವಾಗ ಗಡ್ಡೆಯನ್ನು ಎರಡು ಬೆರಳಿನಷ್ಟು ಮೇಲೆತ್ತಿ ನೆಡಿ. ಹೀಗೆ ಎತ್ತುತ್ತ ಹೋದರೆ ದಪ್ಪ ಬೇರುಗಳು ಹೊರಗೆ ಕಂಡು ಗಿಡದ ಅಂದ ಹೆಚ್ಚುತ್ತದೆ, ಬೆಲೆಯೂ ಹೆಚ್ಚುತ್ತದೆ. ಬೇರು ತುಂಡಾದ ಗಿಡವನ್ನು ಗಾಯ ಒಣಗದೆ ನೆಡಬಾರದು.

ಸಸಿ ಬೆಳೆಸುವುದು

ಕಡ್ಡಿಯಿಂದ ಗಿಡ ಬರುತ್ತದೆ, ಆದರೆ ಬೀಜದ ಗಿಡಕ್ಕೆ ಬರುವಂಥ ಗಡ್ಡೆ ಅದಕ್ಕೆ ಬರುವುದಿಲ್ಲ. ಆದ್ದರಿಂದ ಮಾರಾಟಕ್ಕೆ ಬೀಜದಿಂದಲೇ ಬೆಳೆಸಬೇಕು. ಬೀಜ ಹೊಸದಾಗಿರಬೇಕು, ಹಳೆಯದಾದಂತೆ ಮೊಳಕೆ ಕುಗ್ಗುತ್ತದೆ. ಫೆಬ್ರುವರಿಯ ಕೊನೆಯಿಂದ ಏಪ್ರಿಲ್‌ವರೆಗೆ ಬಿತ್ತಲು ಸರಿಯಾದ ಕಾಲ. ಸಣ್ಣ ಉಸುಕು ಮತ್ತು ತೆಂಗಿನ ನಾರಿನ ಪುಡಿ ಸಮ ಬೆರೆಸಿದ ತಟ್ಟೆಯಲ್ಲಿ ಬೀಜವನ್ನು ಅಡ್ಡಲಾಗಿ ಮಲಗಿಸಿ, ಬೀಜ ಮುಚ್ಚುವಷ್ಟೇ ಉಸುಕು ಉದುರಿಸಿ. ನೀರನ್ನು ಸಿಂಪಡಿಸಿ, ಸುರಿಯಬೇಡಿ. ಹೊಸ ಬೀಜ ಸುಮಾರು ಒಂದು ವಾರದಲ್ಲಿ ಮೊಳೆಯುತ್ತದೆ. ನಾಲ್ಕರಿಂದ ಆರು ಎಲೆ ಬಂದಾಗ ಚಿಕ್ಕ ಕುಂಡಗಳಿಗೆ ಬದಲಿಸಬೇಕು.

ಬೀಜವನ್ನು ನೀವೇ ಮಾಡಿಕೊಳ್ಳಬೇಕೆಂದರೆ ಕೈಯಿಂದ ಪರಾಗಸ್ಪರ್ಶ ಮಾಡಬೇಕಾಗುತ್ತದೆ. ಹೂವಿನ ಪರಾಗ ಕೊಳವೆಯ ಒಳಗೆ ಮುಚ್ಚಿದ ಗೋಪುರದಂಥ ಭಾಗದಲ್ಲಿ ಅಡಗಿದೆ. ಬೆಳಗಿನ ಹೊತ್ತು ಹೂವಿನ ಒಂದು ಪಕ್ಕ ಹರಿದು, ಸಣ್ಣ ಕುಂಚದಿಂದ ಒಂದು ಗಿಡದ ಪರಾಗವನ್ನು ತೆಗೆದು ಬೇರೊಂದು ಗಿಡದ ಹೂವಿನ ಗೋಪುರದ ಸಂದಿಗೆ ಸೇರಿಸಬೇಕು. ಒಂದೇ ಗಿಡದ ಪರಾಗ ಸಾಮಾನ್ಯವಾಗಿ ಫಲಿಸುವುದಿಲ್ಲ. ಕಾಯಿಗಳು ಜೋಡಿ ಕೋಡಿನಂತೆ ಬರುತ್ತವೆ. ಎರಡು ಮೂರು ತಿಂಗಳಲ್ಲಿ ಬಲಿತು ಒಡೆಯುತ್ತವೆ. ಬೀಜದ ಎರಡೂ ತುದಿಗೆ ಕೂದಲಿನ ಕುಚ್ಚು ಇರುವುದರಿಂದ ಗಾಳಿಗೆ ಹಾರಿಹೋಗುತ್ತದೆ. ಬಲಿಯುವ ಮೊದಲೇ ಕಾಯಿಗೆ ದಾರ ಸುತ್ತಿ ಕಟ್ಟಿ.

ಬೀಜದ ಗಿಡದ ಹೂವಿನ ಬಣ್ಣ ತಾಯಿಗಿಡದಂತೆಯೇ ಇರುತ್ತದೆಂಬ ಖಾತರಿ ಇಲ್ಲ. ಮಾವಿನ ಗೊರಟೆ ನೆಟ್ಟರೆ ಆಪೂಸ್ ಬರುವುದೇ? ಹಾಗೆಯೇ ಇದು. ಬೇಕಾದ ಬಣ್ಣಕ್ಕೆ, ಸುತ್ತು ದಳದ ಹೂವಿಗೆ ಕಸಿಯೇ ದಾರಿ. ಹೆಬ್ಬೆರಳು ದಪ್ಪದ ಬೀಜದ ಸಸಿಯ ತಲೆ ಕತ್ತರಿಸಿ, ನಡುವೆ ಸೀಳಿ, ಬೆಣೆಯಂತೆ ಕೆತ್ತಿದ ಒಳ್ಳೆಯ ತಳಿಯ ಕಡ್ಡಿಯನ್ನು ಕೂರಿಸಿ, ಪಟ್ಟಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ ನೆರಳಿನಲ್ಲಿ ಇಡಬೇಕು. ಎರಡು ಮೂರು ವಾರಗಳಲ್ಲಿ ಬೆಸೆಯುತ್ತದೆ. ಕಸಿಯನ್ನು ಒಣ ಹವೆಯಲ್ಲಿ ಮಾಡಿ, ಮಳೆಯ ದಿನಗಳಲ್ಲಿ ಬೇಡ. ಕೈಕೆಲಸ ಕಲಿಯಬಯಸುವವರು ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು.

ಕೀಟಗಳು

ಎಕ್ಕೆ ಮತ್ತು ಕಣಗಿಲೆಯ ಮೇಲೆ ಹಳದಿ ಹೇನು ಮುತ್ತಿರುವುದನ್ನು ನೋಡಿರುತ್ತೀರಿ. ಅದೇ ಹೇನು ಇದಕ್ಕೂ ಬರುತ್ತದೆ. ಕಣಗಿಲೆಯ ಎಲೆ ತಿನ್ನುವ ದಪ್ಪ ಹಸಿರು ಹುಳು ಒಂದೆರಡು ರಾತ್ರಿಯಲ್ಲಿ ಗಿಡವನ್ನು ಬೋಳು ಮಾಡುತ್ತದೆ. ಆದುದರಿಂದ ಸಸಿಮಡಿಯನ್ನು ಕಣಗಿಲೆ, ಎಕ್ಕೆಯಿಂದ ದೂರ ಮಾಡಿ. ಹುಳುಗಳನ್ನು ಕೈಯಿಂದ ಆರಿಸಿ ನಾಶಪಡಿಸುವುದೇ ಸಾಕು. ಹೇನಿಗೂ ಹಿಟ್ಟುತಿಗಣೆಗೂ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಬೇಸಿಗೆಯಲ್ಲಿ ಎಲೆಯ ಕೆಳಗೆ ಸಣ್ಣ ಬಲೆ ಕಟ್ಟಿ ಎಲೆ ಹಳದಿಯಾದರೆ ಅದು ನುಸಿ. ಎಲೆಯ ತಳವನ್ನು ನೀರಿನಿಂದ ಜೋರಾಗಿ ತೊಳೆದರೆ ಬಹಳ ಮಟ್ಟಿಗೆ ಹತೋಟಿಗೆ ಬರುತ್ತದೆ.

ಹಾಲಿನ ವಿಷ: ಎಚ್ಚರಿಕೆ

ಈ ಭಾಗವನ್ನು ಎಲ್ಲರೂ, ವಿಶೇಷವಾಗಿ ಆಡು, ದನ ಸಾಕಿದವರು ಮತ್ತು ಚಿಕ್ಕ ಮಕ್ಕಳಿರುವ ಮನೆಯವರು ಗಮನವಿಟ್ಟು ಕೇಳಬೇಕು. ಅಡೇನಿಯಂನ ಹಾಲಿನಲ್ಲಿ ಹೃದಯದ ಬಡಿತವನ್ನು ಕೆಡಿಸುವ ವಿಷವಿದೆ. ಕಣಗಿಲೆಯಲ್ಲಿರುವುದೂ ಇದೇ ಬಗೆಯದು. ಆಫ್ರಿಕದ ಬೇಟೆಗಾರರು ಈ ಗಿಡದ ರಸವನ್ನು ಕುದಿಸಿ ಬಾಣದ ತುದಿಗೆ ಹಚ್ಚುತ್ತಿದ್ದರು. ಎಲೆ, ಕಾಂಡ, ಬೇರು, ಬೀಜ ಎಲ್ಲವೂ ವಿಷವೇ.

ಚಾಟನಿ ಮಾಡಿದ ಟೊಂಗೆಗಳನ್ನು ಮೇವಿನ ಬಣವೆಯ ಹತ್ತಿರವಾಗಲಿ, ಆಡು ಮೇಯುವ ಬದುವಿಗಾಗಲಿ ಎಸೆಯಬಾರದು, ಗುಂಡಿ ತೋಡಿ ಹೂಳಬೇಕು. ಕತ್ತರಿಸುವಾಗ ಕೈಚೀಲ ಹಾಕಿಕೊಳ್ಳಿ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ, ಕತ್ತರಿ ಎರಡನ್ನೂ ತೊಳೆಯಿರಿ. ಹಾಲು ಕಣ್ಣಿಗೆ ಸಿಡಿದರೆ ಕಾಲು ತಾಸು ಶುದ್ಧ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ. ಮಗು ಎಲೆಯನ್ನೋ ಹೂವನ್ನೋ ಅಗಿದಿದ್ದು ಗೊತ್ತಾದರೆ ಮನೆಮದ್ದು ಮಾಡುತ್ತ, ವಾಂತಿ ಮಾಡಿಸುತ್ತ ಹೊತ್ತು ಕಳೆಯಬೇಡಿ. ಗಿಡದ ಒಂದು ತುಂಡನ್ನು ಜೊತೆಗೆ ಒಯ್ದು ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದನ, ಆಡು ತಿಂದಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ. ಗಿಡ ಮಾರುವವರು ಕೊಳ್ಳುವವರಿಗೆ ಇದನ್ನು ತಿಳಿಸಿಯೇ ಕೊಡಬೇಕು. ಮಾರಾಟ ಕೆಡುತ್ತದೆಂದು ಮುಚ್ಚಿಡುವುದು ಸಲ್ಲದು.

ವ್ಯಾಪಾರದ ಮಾತು

ಸಂಘದ ಸಾಲದಿಂದ ಸಸಿ ಮಾಡಬೇಕೆನ್ನುವ ತಾಯಂದಿರಿಗೆ ನಾಲ್ಕು ಮಾತು. ಒಂದು, ಇದರ ಹೂವು ಮಾಲೆಗೆ ಹೋಗುವುದಿಲ್ಲ, ಮಾರುವುದು ಗಿಡವನ್ನೇ. ಬೀಜ ಬಿತ್ತಿದಂದಿನಿಂದ ಹೂ ತೋರಿಸುವವರೆಗೆ ಒಂದು ವರ್ಷ, ಕೆಲವಕ್ಕೆ ಅದಕ್ಕಿಂತ ಹೆಚ್ಚು ಬೇಕು. ಮೂರು ತಿಂಗಳಿಗೆ ಕಂತು ಕಟ್ಟಬೇಕಾದ ಸಾಲ ಇದಕ್ಕೆ ಹೊಂದುವುದಿಲ್ಲ. ಎರಡು, ಮೊದಲ ವರ್ಷ ಐವತ್ತು ಬೀಜಕ್ಕಿಂತ ಹೆಚ್ಚು ಹಾಕಬೇಡಿ. ಅದರಲ್ಲಿ ಅರ್ಧ ಮಾತ್ರ ಮಾರಾಟಕ್ಕೆ ಬರುತ್ತದೆಂದೇ ಲೆಕ್ಕ ಹಿಡಿಯಿರಿ. ಒಂದು ಮಳೆಗಾಲ ದಾಟಿಸಿ ನೋಡಿ, ಆಮೇಲೆ ಹೆಚ್ಚಿಸಿ. ಮೂರು, ಬಿತ್ತುವ ಮೊದಲೇ ಮಿರಜ, ಸಾಂಗ್ಲಿ, ಬೆಳಗಾವಿಯ ನರ್ಸರಿಗಳಿಗೆ ಹೋಗಿ ಯಾವ ಗಾತ್ರದ, ಯಾವ ಬಣ್ಣದ ಗಿಡ ಹೋಗುತ್ತದೆಂದು ಕೇಳಿಕೊಂಡು ಬನ್ನಿ. ಹೂ ಇರುವಾಗಲೇ ಗಿಡ ಮಾರಬೇಕು. ನಾಲ್ಕು, ಮೊಬೈಲಿನಲ್ಲಿ ನೀಲಿ ಹೂವಿನ ಅಡೇನಿಯಂ ಚಿತ್ರ ತೋರಿಸಿ ಬೀಜ ಮಾರುವವರಿದ್ದಾರೆ. ನೀಲಿ ಅಡೇನಿಯಂ ಎಂಬುದು ಇಲ್ಲ. "ಸಸಿ ನಮ್ಮಲ್ಲಿ ಕೊಳ್ಳಿರಿ, ಬೆಳೆದದ್ದೆಲ್ಲ ನಾವೇ ಮರಳಿ ಕೊಳ್ಳುತ್ತೇವೆ" ಎನ್ನುವವರ ಮಾತಿಗೆ ಮುಂಗಡ ಹಣ ಕೊಡಬೇಡಿ.

ವರ್ಷದ ಕೆಲಸಗಳು

ಜನವರಿ: ನೀರು ಅತಿ ಕಡಿಮೆ, ಗೊಬ್ಬರವಿಲ್ಲ. ಗಡ್ಡೆ ಮುಟ್ಟಿ ನೋಡುತ್ತಿರಿ.

ಫೆಬ್ರುವರಿ: ಚಾಟನಿ, ಕುಂಡ ಬದಲಾವಣೆ.

ಮಾರ್ಚ್‌ನಿಂದ ಮೇ: ಬಿತ್ತನೆ, ಕಸಿ, ಹೂವು, ಮಾರಾಟ. ನೀರು ಎರಡು ಮೂರು ದಿನಕ್ಕೊಮ್ಮೆ.

ಜೂನ್‌ನಿಂದ ಅಕ್ಟೋಬರ್: ಮೇಲೆ ಹಾಳೆ, ಸುತ್ತ ಗಾಳಿ. ಮಣ್ಣು ಒಣಗಿದರೆ ಮಾತ್ರ ನೀರು.

ನವೆಂಬರ್, ಡಿಸೆಂಬರ್: ಹಾಳೆ ತೆಗೆದು ಪೂರ್ಣ ಬಿಸಿಲು. ನೀರನ್ನು ಹಂತ ಹಂತವಾಗಿ ಇಳಿಸಿ.

ರೈತ ಬಾಂಧವರೇ, ಕೊನೆಗೆ ಹೊಲದ ಒಂದು ಮಾತು ಹೇಳದೆ ಇರಲಾರೆ. ಒಂದು ಕಾಲಕ್ಕೆ ಮಳೆಯನ್ನೇ ನಂಬಿದ್ದ ಈ ನೆಲಕ್ಕೆ ನದಿಯ ನೀರು ಏರಿ ಬಂತು, ಕಬ್ಬು ಬಂತು, ಮನೆಗಳಲ್ಲಿ ನಾಲ್ಕು ಕಾಸು ಬಂತು. ಜೊತೆಗೆ ಕೃಷ್ಣಾ ದಂಡೆಯ ಎಷ್ಟೋ ಎರೆಹೊಲಗಳು ಸವಳು, ಜವಳಾಗಿ ಕೂತವು. ಕುಂಡದಲ್ಲಿ ಗಡ್ಡೆ ಕೊಳೆಯುವುದಕ್ಕೂ, ಹೊಲದಲ್ಲಿ ಕಬ್ಬಿನ ಬೇರು ಕಪ್ಪಾಗಿ ಇಳುವರಿ ಇಳಿಯುವುದಕ್ಕೂ ಕಾರಣ ಒಂದೇ. ಹಾಕಿದ ನೀರಿಗೆ ಹೊರಹೋಗುವ ದಾರಿ ಇಲ್ಲ. ಕುಂಡವಾದರೆ ತೂತು ಮಾಡಿ, ಮಣ್ಣು ಬದಲಿಸಬಹುದು. ಎರಡು ಎಕರೆ ಎರೆಯನ್ನು ಬದಲಿಸಲು ಬರುವುದಿಲ್ಲ. ಅಲ್ಲಿ ಬಸಿಗಾಲುವೆ ತೋಡಿ, ಹನಿ ನೀರಾವರಿ ಹಾಕಿ, ಬೆರಳು ಮಣ್ಣಿಗೆ ಇಳಿಸಿ ನೋಡಿದ ಮೇಲೆಯೇ ಪಂಪು ಹಚ್ಚುವುದೊಂದೇ ಉಪಾಯ.

ಈ ಗಿಡವನ್ನು ಬೆಳೆಸಿ ಹಣ ಬಂದರೆ ಸಂತೋಷ. ಹಣ ಬಾರದಿದ್ದರೂ, ನೀರು ಹಾಕುವ ಮೊದಲು ಮಣ್ಣು ಮುಟ್ಟಿ ನೋಡುವ ರೂಢಿ ಮನೆಯ ಅಂಗಳದಿಂದ ಹೊಲದವರೆಗೆ ಬಂದರೆ ಆ ಲಾಭ ಚಿಕ್ಕದಲ್ಲ.  ಕೊಳೆತ ಗಿಡ ತಂದಿರುವವರು ಮುಂದೆ ಬನ್ನಿ, ಒಂದೊಂದಾಗಿ ನೋಡೋಣ.